ನಾಲ್ಕೂ ಬೇಕೆಂದ ಮಗಳು

ಮಕ್ಕಳು ಓದುವುದಿಲ್ಲ ಎಂದು ಗೋಳಾಡುವ ತಾಯಂದಿರನ್ನು ಕಂಡರೆ ಆ ಎಪ್ರಿಲಿನಲ್ಲಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಗೋಳು ಕೇಳುವವರಾದರೂ ಇದ್ದರು. ನನ್ನದನ್ನು ಹೇಳಿದರೆ ನಗು. "ಮಗಳು ತುಂಬಾ ಓದ್ತಾಳೆ ಅಂತ ಅಳುವುದಾ ಮಾರಾಯ್ತಿ? ನಮ್ಮವನನ್ನು ಒಂದು ವಾರ ಇಟ್ಕೊಂಡು ನೋಡು, ಆಮೇಲೆ ಮಾತಾಡು" ಎಂದು ಊರಿನ ಗೆಳತಿಯೊಬ್ಬಳು ಫೋನಿನಲ್ಲೇ ನನ್ನ ಬಾಯಿ ಮುಚ್ಚಿಸಿದ್ದಳು. ಬಾಯಿ ಮುಚ್ಚಿ ಕೂರುವ ಜಾಯಮಾನ ನನ್ನದಲ್ಲ. ಆದರೂ ಆ ದಿನ ಸುಮ್ಮನಾದೆ, ಯಾಕೆಂದರೆ ನನ್ನ ಹೆದರಿಕೆ ಏನೆಂದು ನನಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ನಾವಿರುವುದು ಒಮಾನ್ ದೇಶದ ಅಲ್ ಖೌದ್‌ನಲ್ಲಿ, ಯೂನಿವರ್ಸಿಟಿ ಕಡೆಗೆ ಹೋಗುವ ರಸ್ತೆಯ ಹಿಂದಿನ ಸಾಲಿನ ಒಂದು ಫ್ಲ್ಯಾಟಿನಲ್ಲಿ. ನಮ್ಮವರಿಗೆ ಟೈಲ್ಸು, ಬಾತ್‌ರೂಮಿನ ಸಾಮಾನು ಮಾರುವ ಶೋರೂಮಿನಲ್ಲಿ ಕೆಲಸ. ಇಲ್ಲಿಯ ಅಂಗಡಿಗಳ ಕ್ರಮದಂತೆ ಅವರಿಗೆ ದಿನಕ್ಕೆರಡು ಪಾಳಿ. ಬೆಳಗ್ಗೆ ಹೋದವರು ಒಂದು ಗಂಟೆಗೆ ಊಟಕ್ಕೆ ಬರುತ್ತಾರೆ, ಸ್ವಲ್ಪ ಮಲಗಿ ನಾಲ್ಕಕ್ಕೆ ಮತ್ತೆ ಹೊರಟರೆ ಬರುವುದು ರಾತ್ರಿಯೇ. ನಾನು ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಶನ್‌ನಲ್ಲಿ, ಬೆಳಗಿನ ಡ್ಯೂಟಿ ಮಾತ್ರ. ಹಾಗಾಗಿ ನಮ್ಮ ಮನೆಯಲ್ಲಿ ಜಗಳವಿರಲಿ, ರಾಜಿಯಿರಲಿ, ಮಧ್ಯಾಹ್ನದ ಅನ್ನಕ್ಕೂ ನಿದ್ದೆಗೂ ನಡುವೆಯೇ ತೀರ್ಮಾನವಾಗಬೇಕು. ಮನೆಯ ಮಾತು ತುಳು. ಮಗಳಿಗೆ ತುಳು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮಗಳು ಆಗಷ್ಟೇ ಹತ್ತನೆಯ ಪರೀಕ್ಷೆ ಮುಗಿಸಿ, ಅದೇ ಇಂಡಿಯನ್ ಶಾಲೆಯ ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಸೇರಿದ್ದಳು. ಎಲ್ಲರಿಗೂ ಇರುವ ಪಾಠದ ಮೇಲೆ ಶಾಲೆಯವರು ಸಂಜೆ ಮತ್ತು ಶನಿವಾರಗಳಲ್ಲಿ 'ಅಡ್ವಾನ್ಸ್ಡ್' ಎಂಬ ತರಗತಿಗಳನ್ನು ನಡೆಸುತ್ತಾರೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ನಾಲ್ಕರಲ್ಲೂ ಉಂಟು. ಡಾಕ್ಟರು, ಇಂಜಿನಿಯರು ಆಗಲು ಪ್ರವೇಶ ಪರೀಕ್ಷೆ ಬರೆಯುವ ಮಕ್ಕಳಿಗೆಂದು ಮಾಡಿದ್ದು. ಒಂದೊಂದಕ್ಕೂ ಬೇರೆ ಪುಸ್ತಕ, ಬೇರೆ ಹೋಂವರ್ಕ್, ಬೇರೆ ಟೆಸ್ಟ್. ಹೆಚ್ಚಿನ ಮಕ್ಕಳು ಒಂದು ತೆಗೆದುಕೊಳ್ಳುತ್ತಾರೆ, ಹುಷಾರಿದ್ದವರು ಎರಡು. ಮೊದಲ ಕೆಲವು ವಾರ ಎಲ್ಲದರಲ್ಲೂ ಕೂತು ನೋಡಬಹುದು, ಆಮೇಲೆ ಎಷ್ಟು ಬೇಕೆಂದು ಮನೆಯವರು ತಿಳಿಸಬೇಕು. ನಮ್ಮವಳು ಮೊದಲ ದಿನವೇ ನಾಲ್ಕೂ ಬೇಕೆಂದು ಹೇಳಿ ಬಂದಿದ್ದಳು.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಹೆಮ್ಮೆಯೇ ಆಯಿತು. ಕ್ಲಿನಿಕ್ಕಿನಲ್ಲಿ ಯಾರೂ ಕೇಳದಿದ್ದರೂ ನಾಲ್ಕು ಜನಕ್ಕೆ ಹೇಳಿದೆ. ನಮ್ಮವರಿಗಂತೂ ಇದರಲ್ಲಿ ಯೋಚಿಸುವುದಕ್ಕೆ ಏನೂ ಕಾಣಲಿಲ್ಲ. ಊರಿಗೆ ಹೊರಡುವಾಗ ವಿಮಾನದವರು ಮೂವತ್ತು ಕಿಲೋ ಎಂದರೆ ಮೂವತ್ತೇ ಒಯ್ಯುವ ಮನುಷ್ಯ ಅವರು. ಅರ್ಧ ಕಿಲೋ ಉಳಿದರೆ ಒಂದು ಪ್ಯಾಕೆಟ್ ಖರ್ಜೂರವನ್ನೋ ಹಾಲಿನ ಪುಡಿಯನ್ನೋ ತುರುಕದೆ ಚೀಲದ ಜಿಪ್ ಎಳೆಯುವವರಲ್ಲ. "ಕೊಡ್ತಾರೆ ಅಂತಾದ್ರೆ ಬಿಡುವುದು ಎಂತಕ್ಕೆ? ನಾಲ್ಕೂ ತಗೊಳ್ಳಲಿ. ನಾಳೆ ಯಾವುದು ಉಪಯೋಗಕ್ಕೆ ಬರ್ತದೆ ಅಂತ ಯಾರಿಗೆ ಗೊತ್ತು?" ಎಂದು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿ, ಕೈ ತೊಳೆದು ಮಲಗಲು ಹೋದರು.

ಎರಡನೆಯ ವಾರಕ್ಕೆ ನನ್ನ ಹೆಮ್ಮೆ ಇಳಿಯತೊಡಗಿತು. ಸಂಜೆಯ ತರಗತಿ ಇಲ್ಲದ ದಿನಗಳಲ್ಲಿ ಅವಳು ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಹಾಲ್‌ನ ಸೋಫಾದ ಮೇಲೆ ಪುಸ್ತಕ ಎದೆಗಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿದ್ದ ನನಗೆ ಕರಕರ ಸದ್ದು ಕೇಳಿಸಿತು. ತೆಂಗಿನಕಾಯಿ ತುರಿಯುತ್ತಾ ತುರಿಯುತ್ತಾ ಚಿಪ್ಪಿಗೆ ತಾಗಿದಾಗ ಬರುತ್ತದಲ್ಲ, ಅಂಥ ಸದ್ದು. ಬಂದು ನೋಡಿದರೆ ಮಗಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಾಳೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂರುವವಳಿಗೆ ಇದು ಹೊಸತಲ್ಲ. ಪರೀಕ್ಷೆ ಬಂತೆಂದರೆ ಇಂಥ ಮಕ್ಕಳನ್ನು ತಾಯಂದಿರು ಕರೆದುಕೊಂಡು ಬರುತ್ತಾರೆ, ನಾನು ಅವರಿಗೆ ಟೋಕನ್ ಕೊಟ್ಟು "ಕೂತ್ಕೊಳ್ಳಿ, ಹೆದರುವಂಥದ್ದು ಏನಿಲ್ಲ" ಎನ್ನುತ್ತೇನೆ. ಆ ಮಾತು ಎಷ್ಟು ಪೊಳ್ಳು ಎಂದು ಆವತ್ತು ನನಗೆ ಗೊತ್ತಾಯಿತು.

ಹಲ್ಲಿಗಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು. ಅವಳು ಜಗಳ ಆಡುವುದನ್ನು ಬಿಟ್ಟಿದ್ದಳು. ಮೊದಲು ಹಾಗಿರಲಿಲ್ಲ. ದಿನಾ ಮೀನೇ ಯಾಕೆ, ಫೋನಿನಲ್ಲಿ ನೀವು ಅಷ್ಟು ಗಟ್ಟಿಯಾಗಿ ಮಾತಾಡುವುದು ಯಾಕೆ, ನನ್ನ ಕೋಣೆಯ ಬಾಗಿಲು ತಟ್ಟದೆ ಬರುವುದು ಯಾಕೆ, ಹೀಗೆ ಒಂದಲ್ಲ ಒಂದು ಕ್ಯಾತೆ ಇದ್ದೇ ಇರುತ್ತಿತ್ತು. ಈಗ ಹಾಕಿದ್ದನ್ನು ತಿನ್ನುತ್ತಿದ್ದಳು. ತಟ್ಟೆ ತೊಳೆದಿಡುತ್ತಿದ್ದಳು. ಒಣಗಿದ ಬಟ್ಟೆಯನ್ನು ಹೇಳದೆ ಮಡಚಿಡುತ್ತಿದ್ದಳು. ಒಂದು ಮಧ್ಯಾಹ್ನ ಸೆಕೆಗೆ ಬೆವರುತ್ತಾ ಬಂದವಳು ನನ್ನ ಮುಖ ನೋಡಿ, "ಅಮ್ಮಾ, ಎಸಿ ಹಾಕ್ಬಹುದಾ?" ಎಂದು ಕೇಳಿದಳು. ತನ್ನ ಮನೆಯ ಎಸಿ ಹಾಕಲು ಅನುಮತಿ ಕೇಳಿದವಳನ್ನು ಏನೆನ್ನಬೇಕು? ಬಿಡಾರಕ್ಕೆ ಬಂದ ನೆಂಟರು ಕೇಳಿದ ಹಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂದು, "ಹಾಕಿ ಸಾಯಿ, ನನ್ನನ್ನೆಂತ ಕೇಳುದು" ಎಂದು ಗದರಿದೆ. ಸಿಟ್ಟಲ್ಲ ಅದು, ಭಯ. ನನಗೆ ಭಯವಾದರೆ ಬಾಯಿ ಜೋರಾಗುತ್ತದೆ.

ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಕುಟುಂಬವೊಂದಿದೆ. ಆ ಮನೆಯಾಕೆಯನ್ನು ನಾನು ಊರಿನ ರೂಢಿಯಂತೆ ಬಾಯಮ್ಮ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಅವರ ಮಗಳೂ ನಮ್ಮವಳೂ ಒಂದೇ ವ್ಯಾನಿನಲ್ಲಿ ಶಾಲೆಗೆ ಹೋದವರು. ನಮ್ಮವಳಿಗಿಂತ ಒಂದು ವರ್ಷಕ್ಕೆ ದೊಡ್ಡವಳು. ಹತ್ತನೆಯದು ಮುಗಿದ ಕೂಡಲೇ ಅವಳನ್ನು ಮಂಗಳೂರಿನ ಹತ್ತಿರದ ಒಂದು ಪಿಯು ಕಾಲೇಜಿನ ಹಾಸ್ಟೆಲಿಗೆ ಸೇರಿಸಿದ್ದರು. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರ ಮನೆಗಳಲ್ಲಿ ಇದೊಂದು ಕ್ರಮವೇ ಆಗಿಬಿಟ್ಟಿದೆ. ಹತ್ತನೆಯವರೆಗೆ ಮಕ್ಕಳು ಇಲ್ಲಿ, ಆಮೇಲೆ ಊರಿನ ಹಾಸ್ಟೆಲು. ಅಲ್ಲಿ ಕಾಲೇಜಿನ ಪಾಠದ ಜೊತೆಗೇ ಪ್ರವೇಶ ಪರೀಕ್ಷೆಯ ತಯಾರಿಯೂ ಆಗುತ್ತದೆ ಎಂಬ ಲೆಕ್ಕ. ಬೆಳಗ್ಗೆ ವ್ಯಾನು ಕಾಯುವ ಜಾಗದಲ್ಲಿ ಪ್ರತಿ ವರ್ಷ ಉದ್ದದ ಮಕ್ಕಳೆಲ್ಲ ಮಾಯವಾಗಿ ಗಿಡ್ಡ ಮಕ್ಕಳಷ್ಟೇ ಉಳಿಯುತ್ತಾರೆ. ಯಾರೂ ಅದನ್ನು ವಿಶೇಷವೆಂದು ಮಾತಾಡುವುದಿಲ್ಲ.

ಬಾಯಮ್ಮನ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ನಾಲ್ಕೂ ಬೇಕೆನ್ನುತ್ತಾಳೆ, ಎರಡು ಸಾಕೆಂದು ಹೇಳಿದರೆ ನಾಳೆ ನಿಮ್ಮಿಂದ ನನ್ನ ಬಾಳು ಹಾಳಾಯಿತು ಎಂದಾಳು, ನಾಲ್ಕೂ ಓದು ಎಂದರೆ ಆರೋಗ್ಯ ಕೆಡಿಸಿಕೊಂಡಾಳು, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿದೆ ಎಂದೆ.

"ನನ್ನ ಹತ್ರ ಕೇಳ್ಬೇಡಿ ಅಕ್ಕ" ಎಂದರು ಬಾಯಮ್ಮ. "ನಮ್ಮವಳಿಗೆ ಅಲ್ಲಿ ಬೆಳಗಾದ್ರೆ ಕ್ಲಾಸು, ಸಂಜೆಯಾದ್ರೆ ಕ್ಲಾಸು. ಮಾರ್ಕು ಒಳ್ಳೇದೇ ಬರ್ತದೆ. ಆದ್ರೆ ಫೋನ್ ಮಾಡಿದ್ರೆ ಹ್ಞಾಂ, ಹ್ಞೂಂ, ಊಟ ಆಯ್ತು, ಅಷ್ಟೆ. ನಿಮ್ಮವಳ ಹತ್ರ ಮಾತ್ರ ತುಂಬಾ ಮಾತಾಡ್ತಾಳಂತೆ."

"ಹೌದಾ? ಎಂತ ಮಾತಾಡ್ತಾಳೆ?"

"ನನಗೆ ಹೇಗೆ ಗೊತ್ತಾಗ್ಬೇಕು? ನಿಮ್ಮವಳನ್ನೇ ಕೇಳಿ" ಎಂದು ಅವರು ಮುಖ ತಿರುಗಿಸಿ ಚಹಾಕ್ಕೆ ಸಕ್ಕರೆ ಹಾಕಿದರು. ನಾನು ಕೇಳಲಿಲ್ಲ. ಹುಡುಗಿಯರ ಮಾತು ಎಂದು ಬಿಟ್ಟೆ.

ಈಗ ನಮ್ಮ ಮನೆಯ ಇನ್ನೊಂದು ಸಂಗತಿ ಹೇಳಬೇಕು. ನಮ್ಮವರ ವೀಸಾ ಆ ವರ್ಷ ರಿನ್ಯೂ ಆಗಬೇಕಿತ್ತು. ಅವರಂಥ ಹುದ್ದೆಗಳನ್ನು ಇನ್ನು ಮುಂದೆ ಈ ದೇಶದವರಿಗೇ ಕೊಡಬೇಕಂತೆ ಎಂಬ ಸುದ್ದಿ ಅಂಗಡಿಯಲ್ಲಿ ಹಬ್ಬಿತ್ತು. ಕಫೀಲ್, ಅಂದರೆ ವೀಸಾ ಕೊಟ್ಟ ಇಲ್ಲಿಯ ಧಣಿ, ಒಳ್ಳೆಯ ಮನುಷ್ಯ. ಕೇಳಿದಾಗಲೆಲ್ಲ "ಇನ್ಶಾ ಅಲ್ಲಾ" ಎನ್ನುತ್ತಿದ್ದರು. ಆ ಮಾತಿನಲ್ಲಿ ಹೌದು ಎಷ್ಟು, ಇಲ್ಲ ಎಷ್ಟು ಎಂದು ತೂಗಿ ನೋಡುವುದೇ ನಮ್ಮ ಕೆಲಸವಾಗಿತ್ತು. ವರ್ಷದ ನಡುವೆ ಹೊರಡಬೇಕಾಗಿ ಬಂದರೆ ಮಗಳನ್ನು ಊರಿನಲ್ಲಿ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ? ಅದಕ್ಕಿಂತ ಈ ಜೂನ್‌ನಲ್ಲೇ ಅವಳನ್ನು ಹಾಸ್ಟೆಲಿಗೆ ಸೇರಿಸಿಬಿಟ್ಟರೆ, ಆಮೇಲೆ ನಮ್ಮದು ಏನಾದರೂ ಆಗಲಿ, ಅವಳ ಓದಿಗೆ ತೊಂದರೆಯಿಲ್ಲ. ಇದು ನನ್ನ ಯೋಚನೆ. ಈ ತರಗತಿಗಳು ಶುರುವಾಗುವ ಮೊದಲೇ ನಮ್ಮವರು ಒಂದು ಶುಕ್ರವಾರ ಮಂಗಳೂರಿನಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿ ಹಾಸ್ಟೆಲ್ ಹೇಗೆ, ಏನು ಎಂದು ವಿಚಾರಿಸಿದ್ದರು. ಬರೇ ವಿಚಾರಿಸಿದ್ದು. ಮಗಳಿಗೆ ಏನೂ ಹೇಳಿರಲಿಲ್ಲ. ಅವಳು ನಾಲ್ಕು ತರಗತಿಗಳಲ್ಲಿ ಮುಳುಗಿದ ಮೇಲೆ ನಾವೂ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೆವು.

ಶಾಲೆಯಿಂದ ಫೋನು ಬಂದದ್ದು ಒಂದು ಬುಧವಾರ, ನಾನು ಕ್ಲಿನಿಕ್ಕಿನಲ್ಲಿದ್ದಾಗ. ಅಡ್ವಾನ್ಸ್ಡ್ ತರಗತಿಗಳನ್ನು ನೋಡಿಕೊಳ್ಳುವ ಮೇಡಂ ಮಾತಾಡಿದರು. ಒಳ್ಳೆಯ ಹುಡುಗಿ, ಬುದ್ಧಿವಂತೆ, ನಾಲ್ಕನ್ನೂ ಹೇಗೋ ಎಳೆದುಕೊಂಡು ಹೋದಾಳು, ಆದರೆ ನಾನು ಎರಡೇ ಸಾಕು ಎನ್ನುತ್ತೇನೆ ಎಂದರು. ಮತ್ತೆ, ಅವಳು ಬಿಡುವಿನಲ್ಲೂ ಯಾರ ಜೊತೆಗೂ ಕೂರುವುದಿಲ್ಲ, ಮನೆಯಲ್ಲಿ ಏನಾದರೂ ಒತ್ತಡ ಉಂಟಾ ಎಂದು ಕೇಳಿದರು. ಒತ್ತಡವೆಂದರೆ ಏನು? ನಾವೇನು ಬೆತ್ತ ಹಿಡಿದು ಕೂತಿದ್ದೇವಾ? "ಇಲ್ಲ ಮೇಡಂ, ಅವಳದೇ ಇಷ್ಟ" ಎಂದೆ. ನಾಳೆ, ಗುರುವಾರ, ಎಷ್ಟೆಂದು ತಿಳಿಸಿಬಿಡಿ ಎಂದು ಹೇಳಿ ಅವರು ಫೋನಿಟ್ಟರು. ಎದುರಿಗೆ ಕೂತಿದ್ದ ಒಮಾನಿ ಹೆಂಗಸಿಗೆ ಆವತ್ತು ನಾನು ಬೇರೆ ಯಾರದೋ ಟೋಕನ್ ಕೊಟ್ಟೆ.

ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಯಾವಾಗ ಹೇಳಲಿ, ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ನಯವಾಗಿ ಶುರು ಮಾಡಬೇಕೆಂದಿದ್ದೆ. ಆದರೆ ಅವಳು ಎಡಗೈಯಲ್ಲಿ ರಸಾಯನಶಾಸ್ತ್ರದ ಹಾಳೆ ಹಿಡಿದು ಬಲಗೈಯಲ್ಲಿ ಬರೀ ಅನ್ನವನ್ನು ಮುಳ್ಳು ಹುಡುಕುವವರ ಹಾಗೆ ಹಿಸುಕುತ್ತಿದ್ದುದನ್ನು ನೋಡಿ ನನ್ನ ತಾಳ್ಮೆ ಹಾರಿತು.

"ಆ ಹಾಳೆ ಕೆಳಗಿಡು" ಎಂದೆ. "ಎರಡು ಬಿಟ್ಟುಬಿಡು. ಯಾವ ಎರಡು ಅಂತ ಇವತ್ತೇ ಹೇಳು. ಮೇಡಂ ಫೋನ್ ಮಾಡಿದ್ರು. ಇನ್ನು ಇದರ ಮೇಲೆ ಮಾತಿಲ್ಲ."

ನಮ್ಮವರು ತಲೆಯೆತ್ತಿದರು. ಮಗಳು ಹಾಳೆ ಕೆಳಗಿಟ್ಟಳು. ಅವಳು ವಾದ ಮಾಡುತ್ತಾಳೆ, ಇಂಗ್ಲಿಷಿನಲ್ಲಿ ನನ್ನನ್ನು ಸೋಲಿಸುತ್ತಾಳೆ ಎಂದು ನಾನು ತಯಾರಾಗಿದ್ದೆ. ಅವಳು ವಾದ ಮಾಡಲಿಲ್ಲ. ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ, ಮೆಲ್ಲಗೆ, ತುಳುವಿನಲ್ಲೇ ಕೇಳಿದಳು:

"ಮೂರು ಸಾಕಾಗ್ತದಾ ಪಪ್ಪ?"

"ಸಾಕಾಗ್ತದಾ ಅಂದ್ರೆ? ಯಾವುದಕ್ಕೆ?" ಎಂದರು ಅವರು.

ಅವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ, "ಇಲ್ಲಿ ಇರ್ಲಿಕ್ಕೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಅವರಿಗೂ ಆಗಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಅವಳೇ ಬಿಡಿಸಿ ಹೇಳಿದಳು, ತಟ್ಟೆಯನ್ನು ನೋಡುತ್ತಾ. "ನೀವು ಅತ್ತೆಗೆ ಫೋನ್ ಮಾಡಿದ್ದು ಕೇಳಿಸಿತು. ಅಲ್ಲಿ ಎಂಟ್ರೆನ್ಸ್‌ಗೆ ಒಳ್ಳೇದು, ಇಲ್ಲಿ ಅದೆಲ್ಲ ಇಲ್ಲ ಅಂತ ಹೇಳ್ತಾ ಇದ್ರಿ. ಅದಕ್ಕೆ ನಾನು, ಅಲ್ಲಿ ಎಂತ ಕಲಿಸ್ತಾರೋ ಅದೆಲ್ಲ ಇಲ್ಲೇ ಕಲಿತ್ರೆ, ಮತ್ತೆ ನನ್ನನ್ನು ಕಳಿಸ್ಲಿಕ್ಕೆ ನಿಮಗೆ ರೀಸನ್ ಇರುದಿಲ್ಲ ಅಲ್ವಾ. ಮೇಲಿನ ಮನೆಯವಳು ಅಲ್ಲಿ ದಿನಾ ಬಾತ್‌ರೂಮಿಗೆ ಹೋಗಿ ಅಳ್ತಾಳೆ ಅಮ್ಮಾ. ನಾನು ಮನೆಯಲ್ಲಿ ಕೆಲಸ ಎಲ್ಲ ಮಾಡ್ತೇನಲ್ಲ. ತೊಂದ್ರೆ ಕೊಡುದಿಲ್ಲ. ನಾಲ್ಕಾಗದಿದ್ರೆ ಮೂರು ಮಾಡ್ತೇನೆ. ಎರಡು ಮಾಡಿದ್ರೆ ಕಳಿಸ್ತೀರಿ."

ನಾಲ್ಕು ವಿಷಯಗಳ ಹಿಂದೆ ಡಾಕ್ಟರು ಆಗುವ ಆಸೆಯನ್ನು ಹುಡುಕಿದ್ದೆ, ಇಂಜಿನಿಯರು ಆಗುವ ಹಟವನ್ನು ಹುಡುಕಿದ್ದೆ. ನನ್ನ ಮಗಳು ಅಲ್ಲಿ ತನ್ನ ಮನೆಯಲ್ಲಿ ಉಳಿಯುವ ಅರ್ಹತೆ ಗಳಿಸುತ್ತಿದ್ದಳು. ತೊಳೆದಿಟ್ಟ ತಟ್ಟೆ, ಮಡಚಿಟ್ಟ ಬಟ್ಟೆ, ಎಲ್ಲವೂ ಅದಕ್ಕೇ. ಯಾರು ಹೇಳಿದ್ದು ನಿನ್ನನ್ನು ಕಳಿಸ್ತೇವೆ ಅಂತ ಎಂದು ಬೈದುಬಿಡೋಣ ಎನ್ನಿಸಿತು. ಆದರೆ ಕಳಿಸುವ ಯೋಚನೆ ನನ್ನದೇ ಆಗಿತ್ತು, ಅದು ಅವಳ ಒಳ್ಳೆಯದಕ್ಕೇ ಆಗಿತ್ತು, ಆ ಹೊತ್ತಿನಲ್ಲೂ ಅದು ಸಂಪೂರ್ಣ ತಪ್ಪೆಂದು ನನಗೆ ಕಾಣುತ್ತಿರಲಿಲ್ಲ. ಇಲ್ಲ ಮಗಾ, ಕಳಿಸುವುದಿಲ್ಲ ಎಂದು ಆಣೆಯಿಡಲು ಬಾಯಿ ತೆರೆದೆ. ವೀಸಾ ನೆನಪಾಯಿತು, ಅವಳ ಲೋಟಕ್ಕೆ ನೀರು ಹಾಕಿದೆ.

ಮಾತಾಡಿದ್ದು ನಮ್ಮವರು. ಅವರ ಬಲಗೈಯಲ್ಲಿ ಸಾರು ಒಣಗಿತ್ತು. "ನೋಡು ಮಗಾ, ನಿನ್ನ ಹತ್ರ ಸುಳ್ಳು ಹೇಳುದಿಲ್ಲ. ನನ್ನ ವೀಸಾದ್ದು ಇನ್ನೂ ಆಗ್ಲಿಲ್ಲ. ಆಗ್ತದೋ ಇಲ್ವೋ ನನಗೂ ಗೊತ್ತಿಲ್ಲ. ಆದ್ರೆ ಮೂವರೂ ಇಲ್ಲೇ ಇರುವ. ಆಗದಿದ್ರೆ ಮೂವರೂ ಒಟ್ಟಿಗೇ ಹೋಗುವ. ನಿನ್ನನ್ನು ಒಬ್ಬಳನ್ನೇ ಮೊದಲು ಕಳಿಸುವ ಮಾತು ಇನ್ನು ಈ ಮನೆಯಲ್ಲಿಲ್ಲ."

"ವರ್ಷದ ನಡುವಿನಲ್ಲಿ ವೀಸಾ ಖಲಾಸ್ ಅಂದ್ರೆ?" ಎಂದೆ ನಾನು. ಹೇಳದಿರಲು ಆಗಲಿಲ್ಲ. "ಊರಿನಲ್ಲಿ ಅಡ್ಮಿಶನ್ ಎಲ್ಲ ಮುಗಿದಿರ್ತದೆ. ಇವಳ ಒಂದು ವರ್ಷವೇ ಹೋಗ್ತದೆ ಕೇಳಿದ್ರಾ."

"ಹೋಗ್ಲಿ" ಎಂದರು. ಅರ್ಧ ಕಿಲೋ ಜಾಗ ಬಿಡದ ಮನುಷ್ಯ ಮಗಳ ಒಂದು ವರ್ಷವನ್ನು ಹಾಗೆ ಬಿಟ್ಟುಕೊಟ್ಟದ್ದು ನೋಡಿ ನನಗೆ ಅವರ ಮೇಲೆ ಸಿಟ್ಟೂ ಬಂತು, ಎಷ್ಟೋ ವರ್ಷಗಳ ಮೇಲೆ ಅವರ ಮೇಲೆ ಪ್ರೀತಿಯೂ ಉಕ್ಕಿತು. "ನೀನೂ ಹೇಳು" ಎಂದು ಅವರು ನನ್ನನ್ನು ನೋಡಿದರು. ಮಗಳೂ ನೋಡಿದಳು. ಹಾಸ್ಟೆಲಿನ ಗಟ್ಟಿ ಗೋಡೆ, ಖಾತ್ರಿಯಾದ ಸೀಟು, ತಪ್ಪದ ಪಾಠ, ಎಲ್ಲವನ್ನೂ ಕೈಬಿಡುವುದು ನನಗೆ ಸುಲಭವಾಗಿರಲಿಲ್ಲ. "ಪಪ್ಪ ಹೇಳಿದ್ದೇ ನನ್ನದೂ" ಎಂದೆ.

ಅವಳು ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ನಂಬಬಹುದೋ ಇಲ್ಲವೋ ಎಂದು ಅಳೆಯುತ್ತಿದ್ದಳು. ಅದನ್ನು ಸಹಿಸುವುದು ಎಲ್ಲಕ್ಕಿಂತ ಕಷ್ಟವಾಯಿತು.

"ಹಾಗಾದ್ರೆ ನನಗೆ ಜೀವಶಾಸ್ತ್ರ ಒಂದೇ ಸಾಕು" ಎಂದಳು. "ಅದು ನನಗೆ ಇಷ್ಟ. ಬೇರೆ ಮೂರು ಇಷ್ಟವೇ ಇಲ್ಲ."

ಒಂದೇನಾ, ಮೇಡಂ ಎರಡು ಅಂದಿದ್ದಾರಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ಕೂತಿತು. ಹುಟ್ಟುಗುಣ, ಏನು ಮಾಡುವುದು. ನಮ್ಮವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ಊಟ ಮಾಡು, ತಣ್ಣಗಾಗ್ತದೆ" ಎಂದಷ್ಟೇ ಹೇಳಿ ಅವಳ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದೆ. ಅವಳು ಅಳುತ್ತಾ ಪೂರ್ತಿ ತಿಂದಳು.

ಆ ಮಧ್ಯಾಹ್ನವೂ ಸೋಫಾದ ಮೇಲೆ ಹಲ್ಲು ಕಡಿದಳು. ಒಂದು ಮಾತಿನಿಂದ ನಿಲ್ಲುವ ಕಾಯಿಲೆ ಅದಲ್ಲವೆಂದು ನನಗೂ ಗೊತ್ತಿತ್ತು. ನಮ್ಮವರು ಕೆಲಸಕ್ಕೆ ಹೋದ ಮೇಲೆ ನಾನು ಅವಳ ಕಾಲ ಬುಡದಲ್ಲಿ ಕೂತು, ವೀಸಾ ಆಗದಿದ್ದರೆ ಎಲ್ಲಿ, ಹೇಗೆ, ಯಾರ ಕಾಲು ಹಿಡಿದು ಇವಳನ್ನು ಸೇರಿಸುವುದು ಎಂದು ಯೋಚಿಸುತ್ತಲೇ ಇದ್ದೆ. ಈಗಲೂ ಯೋಚಿಸುತ್ತೇನೆ. ಕಫೀಲ್ ಈಗಲೂ ಇನ್ಶಾ ಅಲ್ಲಾ ಎನ್ನುತ್ತಿದ್ದಾರೆ.

ಮರುದಿನ ಅವಳೇ ಹೋಗಿ ಮೇಡಂಗೆ ತಿಳಿಸಿದಳು. ಮಧ್ಯಾಹ್ನ ಬಂದು ಬಾಗಿಲ ಹತ್ತಿರ ಶೂ ಬಿಚ್ಚುತ್ತಿದ್ದವಳನ್ನು, ಮೇಡಂ ಏನು ಹೇಳಿದರು ಎಂದು ಕೇಳಿದೆ.

"ಒಂದೇ ಯಾಕೆ, ಎರಡಾದ್ರೂ ನಿನಗೆ ಆರಾಮ ಆಗ್ತಿತ್ತಲ್ಲ ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ಮನೆಯಲ್ಲಿ ಇರ್ಲಿಕ್ಕೆ ಅಷ್ಟೆಲ್ಲ ಬೇಡವಂತೆ, ಅಂತ ಹೇಳಿದೆ."